‘ಸೋಳಗರ್ ತೊಟ್ಟಿ’ಯ ಪೂರ್ವಾರ್ಧ: ಒಂದು ವಿವೇಚನೆ

ತಮಿಳಿನಲ್ಲಿ 2004ರಲ್ಲಿ ಪ್ರಕಟವಾದ ಶ್ರೀ ಎಸ್. ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಎಂಬ ಕಾದಂಬರಿಯನ್ನು ನಮ್ಮ ವಲಯದಲ್ಲಿ ಓದಿದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಆಡುತ್ತಾರೆ. ಉತ್ತರಾರ್ಧವು ನಿದ್ದೆಗೆಡಿಸುತ್ತದೆ ಎಂಬುದು ಒಂದು. ಪೂರ್ವಾರ್ಧವು ಕಥೆಗೆ ಅಷ್ಟಾಗಿ ಬೇಕಾಗಿರಲಿಲ್ಲ, ಗಿರಿಜನರ ಆಚಾರವಿಚಾರಗಳ ಪ್ರದರ್ಶನವಾಗಿ ಬೆಳೆದುಬಿಟ್ಟಿತು ಎಂಬುದು ಮತ್ತೊಂದು. ಮೊದಲನೆಯ ಮಾತಿನಲ್ಲಿ ವಿವಾದವಿಲ್ಲ. ಎರಡನೆಯದನ್ನು ನಾವು ಒಪ್ಪಲಾರೆವು. ಚಿತ್ರಹಿಂಸೆಗೆ ಗುರಿಯಾಗಿ ಬದುಕಿ ಉಳಿದವರಿಗೆ ಸಲ್ಲತಕ್ಕ ನ್ಯಾಯವೇನು, ಪರಿಹಾರವೇನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ, ಈ ಕೃತಿಯ ಜೀವವು ಆ ಪೂರ್ವಾರ್ಧದಲ್ಲಿಯೇ ಇದೆಯೆಂದು ಕಾಣದಿರದು. ಆ ಅಭಿಪ್ರಾಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬಯಸುತ್ತೇವೆ.

ಕಾದಂಬರಿ ತಮಿಳಿನದಾದರೂ ಅದರ ಜನ ನಮಗೆ ದೂರದವರಲ್ಲ. ಸತ್ಯಮಂಗಲದಿಂದ ದಿಂಬದ ಘಾಟಿಯನ್ನು ಹತ್ತಿ ಮೇಲೆ ಬಂದರೆ ತಾಳವಾಡಿಯ ಸೀಮೆ; ಪೂರ್ವಕ್ಕೆ ಕಾಡನ್ನು ಹಾಯ್ದು ಹೋದರೆ ಬರಗೂರಿನ ಬೆಟ್ಟಗಳು, ಮಲೆಯ ಮಹದೇಶ್ವರನ ಕ್ಷೇತ್ರ, ಪಾಲಾರು. 1956ರಲ್ಲಿ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಗೆರೆ ಬಿದ್ದುದು ನಕ್ಷೆಯಲ್ಲಿ, ಸೋಲಿಗರ ನೆಂಟಸ್ತನದಲ್ಲಲ್ಲ. ಅವರ ಮನೆಮಾತು ಕನ್ನಡಕ್ಕೆ ತೀರ ಸಮೀಪದ್ದು. ತಮಿಳರು ಸೋಳಗರೆಂದರೆ ನಾವು ಸೋಲಿಗರೆನ್ನುತ್ತೇವೆ; ಅವರು ತೊಟ್ಟಿಯೆನ್ನುವುದನ್ನು ಇತ್ತಕಡೆ ಪೋಡು ಎನ್ನುವುದುಂಟು. ಹೆಸರು ಎರಡಾದರೂ ಪಟ್ಟ ಪಾಡು ಒಂದೇ ಆಯಿತು, ಏಕೆಂದರೆ ಅವರನ್ನು ಹಿಡಿಯಲು ಬಂದ ಪಡೆಯೂ ಎರಡು ರಾಜ್ಯಗಳದು ಕೂಡಿಯೇ ಇದ್ದಿತು.

ಆ ಕಾಲದ ಸಂಗತಿ ವಾಚಕರಿಗೆ ತಿಳಿಯದ್ದೇನೂ ಅಲ್ಲ. ಗೋಪಿನಾಥದಲ್ಲಿ ಹುಟ್ಟಿದ ವೀರಪ್ಪನ್ ದಂತ, ಶ್ರೀಗಂಧಗಳ ಕಳ್ಳಸಾಗಣೆಯಿಂದ ಮೊದಲಾಗಿ ಕೊಲೆಗಳಿಗೆ ಇಳಿದ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದ. 1993ರ ಏಪ್ರಿಲ್ 9ರಂದು ಪಾಲಾರಿನ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು. 2000ದ ಜುಲೈ 30ರ ರಾತ್ರಿ ನಮ್ಮ ತಾಳವಾಡಿಯ ಮಗ್ಗುಲಿನ ದೊಡ್ಡ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಹೊತ್ತುಕೊಂಡು ಹೋದವನೂ ಅವನೇ. ಅವನನ್ನು ಕಾಡಿನ ವೀರನೆಂದು ಹಾಡುವವರ ಸಾಲಿನಲ್ಲಿ ನಾವಿಲ್ಲ. ಈ ಕಾದಂಬರಿಯೂ ಅವನ ಕಥೆಯಲ್ಲ. ಅವನು ಎಲ್ಲಿದ್ದಾನೆಂದು ಹೇಳಿಸುವ ನೆಪದಲ್ಲಿ ವಿಶೇಷ ಕಾರ್ಯಪಡೆಯವರು ಯಾರ ಯಾರ ಬಾಯಿ ಬಿಡಿಸಲು ಹೊರಟರೋ ಅವರ ಕಥೆ. ಮಹದೇಶ್ವರನ ಬೆಟ್ಟದ ಮೇಲೆ ಪಡೆಯ ಶಿಬಿರದ ಒಂದು ಕಟ್ಟಡಕ್ಕೆ ‘ವರ್ಕ್‌ಶಾಪ್’ ಎಂದು ಹೆಸರಾಗಿತ್ತು. ಕೈಗಳನ್ನು ಹಿಂದಕ್ಕೆ ಕಟ್ಟಿ ಮೇಲಕ್ಕೆ ಸೇದಿ ತೂಗುಹಾಕುವುದು, ಕಿವಿಗೂ ಮರ್ಮಸ್ಥಾನಗಳಿಗೂ ವಿದ್ಯುತ್ತನ್ನು ಹಾಯಿಸುವುದು, ಹೆಂಗಸರ ಮಾನಭಂಗ, ಇವೆಲ್ಲ ನಡೆದುವೆಂದು ಅಲ್ಲಿಂದ ಜೀವಸಹಿತ ಹೊರಬಂದವರು ಮುಂದೆ ಹೇಳಿಕೆ ಕೊಟ್ಟರು.

ಆ ಹೇಳಿಕೆಗಳನ್ನು ಕೇಳಿಕೊಳ್ಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಎ. ಜೆ. ಸದಾಶಿವ ಅವರೂ ಕೇಂದ್ರೀಯ ತನಿಖಾ ದಳದ ನಿರ್ದೇಶಕರಾಗಿದ್ದ ಸಿ. ವಿ. ನರಸಿಂಹನ್ ಅವರೂ ಅದರಲ್ಲಿದ್ದರು. 2003ರ ಕೊನೆಗೆ ವರದಿ ಆಯೋಗದ ಕೈ ಸೇರಿತು. 2007ರ ಜನವರಿಯಲ್ಲಿ ಆಯೋಗವು 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳನ್ನು ಕೊಡತಕ್ಕದ್ದೆಂದು ವಿಧಿಸಿತು. ಭಾಗಿಸಿ ನೋಡಿದರೆ ತಲೆಗೆ ಮೂರು ಲಕ್ಷಕ್ಕೆ ತುಸು ಮೇಲಾಗುವುದು. ಇದರ ಮಗ್ಗುಲಿಗೆ ಇನ್ನೊಂದು ಲೆಕ್ಕವನ್ನು ಇಟ್ಟು ನೋಡುವುದು ನಮಗೆ ಅನಿವಾರ್ಯವೆನಿಸಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಮೇಲೆ ತಮಿಳುನಾಡಿನ ಸರಕಾರವು ತನ್ನ ಕಾರ್ಯಪಡೆಯವರಿಗೆ ತಲಾ 3 ಲಕ್ಷ ರೂಪಾಯಿ, ಒಂದೊಂದು ನಿವೇಶನ, ಒಂದು ದರ್ಜೆಯ ಬಡ್ತಿಯನ್ನು ಘೋಷಿಸಿತು. ಬೇಟೆಗಾರನ ಬಹುಮಾನವೂ ಬೇಟೆಯ ದಾರಿಯಲ್ಲಿ ತುಳಿಯಲ್ಪಟ್ಟವನ ಪರಿಹಾರವೂ ಹೆಚ್ಚುಕಡಿಮೆ ಒಂದೇ ಮೊತ್ತಕ್ಕೆ ಬಂದು ನಿಂತುವು. ಮೊದಲನೆಯದು ಹತ್ತು ದಿನದ ಮಾತು. ಎರಡನೆಯದಕ್ಕೆ ಹತ್ತು ವರ್ಷಗಳೂ ಸಾಲಲಿಲ್ಲ.

ಹಣವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಹಾಗೆ ಹೀಗಳೆಯುವುದು ಉಂಡವರ ಚಾಳಿ. ಮೂರು ಲಕ್ಷವೆಂದರೆ ಬೆಟ್ಟದ ಮೇಲಿನ ಸಂಸಾರಕ್ಕೆ ಒಂದು ಸೂರು, ಒಂದು ಮದುವೆ, ಒಂದು ಔಷಧೋಪಚಾರ. ಆದರೆ ‘ಪರಿಹಾರ’ವೆಂಬ ನಮ್ಮ ಮಾತು ವಿಚಿತ್ರವಾದುದು. ಕಚೇರಿಯಲ್ಲಿ ಅದಕ್ಕೆ ರೂಪಾಯಿಯೆಂದು ಅರ್ಥ; ಮನೆಯಲ್ಲಿ ದೋಷವನ್ನು ಕಳೆಯುವುದು, ಮುಳ್ಳನ್ನು ಕೀಳುವುದು ಎಂದು ಅರ್ಥ. 2005ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಒಪ್ಪಿದ ತತ್ತ್ವಗಳೂ ಈ ಎರಡು ಅರ್ಥಗಳನ್ನು ಬಿಡಿಸಿ ನೋಡುವುದಿಲ್ಲ. ಸಾಧ್ಯವಾದಷ್ಟು ಮೊದಲಿನ ಸ್ಥಿತಿಗೆ ತರುವುದು, ನಷ್ಟವನ್ನು ಹಣದಿಂದ ತುಂಬುವುದು, ದೇಹಕ್ಕೂ ಮನಸ್ಸಿಗೂ ಆರೈಕೆ ದೊರಕಿಸುವುದು, ನಡೆದುದು ನಿಜವೆಂದು ಹತ್ತು ಜನರೆದುರು ಒಪ್ಪಿಕೊಂಡು ಸಮಾಧಾನ ಹೇಳುವುದು, ಮತ್ತೆ ಹಾಗಾಗದಂತೆ ಏರ್ಪಾಡು ಮಾಡುವುದು, ಇವೈದೂ ಸೇರಿದರೆ ಪರಿಹಾರ. ನಮ್ಮ ಬೆಟ್ಟಗಳಿಗೆ ಬಂದುದು ಎರಡನೆಯದರ ಒಂದು ಪಾಲು. ಮೊದಲನೆಯದರ ಗತಿಯೇನು? ಮೊದಲಿನ ಸ್ಥಿತಿಗೆ ತರಬೇಕಾದರೆ ಮೊದಲಿನ ಸ್ಥಿತಿ ಯಾವುದಿತ್ತೆಂಬುದು ಗೊತ್ತಿರಬೇಕಷ್ಟೆ. ಅದನ್ನು ಬರೆದಿಟ್ಟವರು ಯಾರು?

ಇಲ್ಲಿಯೇ ‘ಸೋಳಗರ್ ತೊಟ್ಟಿ’ಯ ಪೂರ್ವಾರ್ಧವು ಬೇರೆಯಾಗಿ ಕಾಣತೊಡಗುವುದು. ಕಾಡಿನಂಚಿನ ಒಂದು ತೊಟ್ಟಿ, ಅದರ ಯಜಮಾನ, ಬೇಟೆ, ಜೇನು, ರಾಗಿಯ ಹೊಲ, ದೈವ, ಹಾಡು, ಕುಣಿತ, ಗಂಡುಹೆಣ್ಣುಗಳ ಒಲವು ಮುನಿಸು, ಸಾವು ಮತ್ತು ಸತ್ತವರನ್ನು ಕಳಿಸಿಕೊಡುವ ಬಗೆ. ಆಮೇಲೆ ಹೊರಗಿನ ಬಲಾಢ್ಯನೊಬ್ಬನು ಕಾಗದಪತ್ರದ ಬಲದಿಂದ ಹೊಲವನ್ನು ನುಂಗುವುದು, ಅರಣ್ಯ ಇಲಾಖೆಯವರ ಕಾಟ. ಇವುಗಳಲ್ಲಿ ಯಾವುದೂ ಅವಸರದಿಂದ ಸಾಗುವುದಿಲ್ಲ. ಕಥೆಯ ಕುತೂಹಲವನ್ನೇ ಬೇಡುವ ಓದುಗನಿಗೆ ಬೇಸರವಾಗುವುದು ಸಹಜ. ಆದರೆ ಉತ್ತರಾರ್ಧದಲ್ಲಿ ಕಾರ್ಯಪಡೆಯು ತೊಟ್ಟಿಯನ್ನು ಹೊಕ್ಕು, ಶಿವಣ್ಣನೆಂಬವನು ಕಾಡು ಸೇರಿ, ಮಾದಿಯೆಂಬ ಹೆಂಗಸು ಮಗಳೊಡನೆ ಶಿಬಿರದ ಪಾಲಾದಾಗ, ಏನು ಮುರಿಯುತ್ತಿದೆಯೆಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಮುರಿದುದು ಬರಿಯ ಎಲುಬಲ್ಲ. ವೈದ್ಯನ ಸರ್ಟಿಫಿಕೇಟಿನಲ್ಲಿ ತೋಳಿನ ಕೀಲು ಸರಿದಿದೆಯೆಂದಿಷ್ಟೇ ಬರುವುದು. ಜೇನು ಕೀಳುವವನಿಗೆ ತೋಳೇ ಬದುಕು. ಹಿಂದಕ್ಕೆ ಕಟ್ಟಿ ತೂಗಿದ ತೋಳು ಮರಳಿ ಬಂಡೆಯ ಮೇಲಿನ ಬಳ್ಳಿಯನ್ನು ಹಿಡಿಯದು. ಹಿಡಿಯದವನಿಗೆ ಅಣ್ಣತಮ್ಮಂದಿರ ನಡುವೆ ಮೊದಲಿನ ಸ್ಥಾನವಿಲ್ಲ. ಈ ಸರಪಣಿಯನ್ನು ಯಾವ ಸಮಿತಿಯ ನಮೂನೆಯಲ್ಲಿಯೂ ತುಂಬಲು ಜಾಗವಿಲ್ಲ. ಆ ಜಾಗವನ್ನು ಕಾದಂಬರಿಕಾರರು ನೂರಾರು ವಿವರಗಳಿಂದ ತುಂಬಿದ್ದಾರೆ. ಇದನ್ನು ಆಚಾರವಿಚಾರಗಳ ಪ್ರದರ್ಶನವೆನ್ನುವುದಕ್ಕಿಂತ ಕಳೆದುಹೋದುದರ ಪಟ್ಟಿಯೆನ್ನುವುದು ಮೇಲು. ಶ್ರೀ ಬಾಲಮುರುಗನ್ ಅವರು ವೃತ್ತಿಯಿಂದ ವಕೀಲರು, ಪೌರ ಹಕ್ಕುಗಳ ಕೆಲಸದಲ್ಲಿ ಇದೇ ಜನರ ನಡುವೆ ಓಡಾಡಿದವರು. ನಷ್ಟವನ್ನು ಕೇಳುವವನು ಮೊದಲು ಆಸ್ತಿಯನ್ನು ರುಜುವಾತುಪಡಿಸಬೇಕೆಂಬುದು ಅವರಿಗೆ ತಿಳಿಯದ ಮಾತಲ್ಲ.

ಇನ್ನೊಂದು ತೊಡಕನ್ನು ಇಲ್ಲಿ ಪ್ರಸ್ತಾಪಿಸಬೇಕು. ನಮ್ಮ ಅಲಂಕಾರಿಕರು ಜುಗುಪ್ಸೆಯನ್ನು ಸ್ಥಾಯಿಯೆಂದು ಒಪ್ಪಿ ಬೀಭತ್ಸಕ್ಕೂ ರಸದ ಪಂಕ್ತಿಯಲ್ಲಿ ಸ್ಥಾನ ಕೊಟ್ಟರು. ಆ ರಸ ಸಿದ್ಧಿಸಬೇಕಾದರೆ ಸಾಧಾರಣೀಕರಣವಾಗಬೇಕು. ಇದು ನನ್ನದು, ಇದು ಪರನದು, ಇದು ಶತ್ರುವಿನದು ಎಂಬ ಗೆರೆಗಳು ಅಳಿಯಬೇಕು. ಒಳ್ಳೆಯದು. ಆದರೆ ಚಿತ್ರಹಿಂಸೆಗೆ ಒಳಗಾದವನು ನ್ಯಾಯಾಲಯದ ಬಾಗಿಲಲ್ಲಿ ನಿಂತು ಬೇಡುವುದು ಇದಕ್ಕೆ ನೇರ ವಿರುದ್ಧವಾದುದನ್ನು. ಇದು ನನ್ನ ಕಿವಿ, ಇದು ಇಂಥ ದಿನ, ಇಂಥವನ ಕೈ ಎಂದು ಅವನು ಗೆರೆಗಳನ್ನು ಎಳೆದು ತೋರಿಸಬೇಕು. ಒಂದು ಗೆರೆ ಮಸುಕಾದರೂ ಮೊಕದ್ದಮೆ ಬಿದ್ದುಹೋಗುವುದು. ಹೂ ಬಿಡುವ ಕಾಲದಿಂದಲೂ ಜೇನಿನ ಕಾಲದಿಂದಲೂ ವರ್ಷವನ್ನು ಅಳೆಯುವ ಸೋಲಿಗನು ಆರೇಳು ವರ್ಷಗಳ ಹಿಂದಿನ ತಾರೀಖನ್ನು ಎಲ್ಲಿಂದ ತಂದಾನು? ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವನು ಅಧಿಕಾರಿಯ ಮುಖವನ್ನು ಹೇಗೆ ಗುರುತು ಹಿಡಿದಾನು? ವಿದ್ಯುತ್ತಿನ ಗುಣವೂ ಅಂಥದೇ, ಗಾಯವನ್ನು ಉಳಿಸದೆ ನೋವನ್ನು ಮಾತ್ರ ಉಳಿಸುವುದು. ಪೀಡಿಸಿದವರು ಈ ಉಪಾಯಗಳನ್ನು ಆಯ್ದುಕೊಂಡುದು ಸುಮ್ಮನೆ ಅಲ್ಲ. ಕಾನೂನು ಕೇಳುವ ವಿಶೇಷವನ್ನು ಅವರು ಮೊದಲೇ ಅಳಿಸಿದ್ದರು. ಸಾಹಿತ್ಯವೂ ಮುಂದೆ ಬಂದು ಉಳಿದುದನ್ನು ಸಾಧಾರಣೀಕರಿಸಿಬಿಟ್ಟರೆ ಆ ಮನುಷ್ಯನಿಗೆ ಎರಡು ಕಡೆಯಿಂದಲೂ ಮೋಸವಾದಂತೆ. ಪೂರ್ವಾರ್ಧವು ಈ ಮೋಸವನ್ನು ತಪ್ಪಿಸುತ್ತದೆಯೆಂದು ನಮ್ಮ ಅಭಿಪ್ರಾಯ. ಅಲ್ಲಿಯ ಹೊಲ ಬೇರೆ ಯಾರದೂ ಅಲ್ಲ, ಆ ತೊಟ್ಟಿಯವರದೇ.

ಉತ್ತರಾರ್ಧದ ವಿಷಯದಲ್ಲಿ ನಮ್ಮ ಮೆಚ್ಚಿಕೆ ಇಷ್ಟು ನಿರ್ಬಾಧವಾಗಿಲ್ಲ. ಹಿಂಸೆಯ ಮೇಲೆ ಹಿಂಸೆ, ಶಿಬಿರದ ಮೇಲೆ ಶಿಬಿರ ಬರುತ್ತ ಬರುತ್ತ ಕಾದಂಬರಿಕಾರನು ಹಿಂದೆ ಸರಿದು ವಕೀಲನು ಮುಂದೆ ಬರುತ್ತಾನೆ. ಒಂದು ಘಟನೆಯನ್ನೂ ಬಿಡಬಾರದೆಂಬ ನಿಷ್ಠೆ ಮನವಿ ಅರ್ಜಿಗೆ ಭೂಷಣ. ಕಥೆಗೆ ಅದು ಭಾರ. ಹತ್ತನೆಯ ಪೆಟ್ಟು ಬೀಳುವ ವೇಳೆಗೆ ಓದುಗನ ಚರ್ಮವೂ ದಪ್ಪವಾಗುವುದು, ಇದು ಮನುಷ್ಯಸ್ವಭಾವ. ಪೊಲೀಸರಿಗೆಲ್ಲ ಬಹುಮಟ್ಟಿಗೆ ಒಂದೇ ಮುಖ. ದಿನವೆಲ್ಲ ಹೊಡೆದು ಸಂಜೆ ಮನೆಗೆ ಕಾಗದ ಬರೆಯುವ ಪೇದೆಯೊಬ್ಬನು ಅಲ್ಲಿದ್ದಿದ್ದರೆ ಭಯ ಇಮ್ಮಡಿಯಾಗುತ್ತಿತ್ತೇ ಹೊರತು ಆರೋಪ ಹಗುರವಾಗುತ್ತಿರಲಿಲ್ಲ. ಆದಾಗ್ಯೂ ಮಾದಿಯ ಭಾಗಗಳನ್ನು ನಾವು ಈ ಆಕ್ಷೇಪದಿಂದ ಹೊರಗಿಡುತ್ತೇವೆ. ಅವಳನ್ನು ನಾವು ಮೊದಲೇ ಬಲ್ಲೆವು; ತೊಟ್ಟಿಯ ಬದುಕಿನ ನಡುವೆ ಕಂಡವಳು. ಆದುದರಿಂದ ಅವಳ ಮೈಮೇಲಿನ ಒಂದೊಂದು ಪೆಟ್ಟೂ ಲೆಕ್ಕಕ್ಕೆ ಬರುತ್ತದೆ. ಪೂರ್ವಾರ್ಧಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಹೋಲಿಕೆಗೆ ನಮ್ಮ ಕಾಸರಗೋಡಿನವರು ಬಲ್ಲ ಮಲೆಯಾಳದ ಒಂದು ಕೃತಿಯನ್ನು ತೆಗೆದುಕೊಳ್ಳಬಹುದು. ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಪೊಲೀಸರು ಹಿಡಿದೊಯ್ದರು. ಕಕ್ಕಯಂ ಶಿಬಿರದಲ್ಲಿ ಅವನು ಸತ್ತ, ಹೆಣವೂ ಸಿಗಲಿಲ್ಲ. ತಂದೆ, ಹಿಂದಿಯ ಅಧ್ಯಾಪಕ ಟಿ. ವಿ. ಈಚ್ಚರ ವಾರಿಯರ್, 1977ರಲ್ಲಿ ಕೇರಳದ ಉಚ್ಚ ನ್ಯಾಯಾಲಯಕ್ಕೆ ಮಗನನ್ನು ಹಾಜರುಪಡಿಸಬೇಕೆಂದು ಮೊರೆಯಿಟ್ಟರು. ಆ ಮೊರೆಯ ಫಲವಾಗಿ ಮುಖ್ಯಮಂತ್ರಿ ಕೆ. ಕರುಣಾಕರನ್ ಅವರು ಅದೇ ಏಪ್ರಿಲ್‌ನಲ್ಲಿ ಅಧಿಕಾರ ಬಿಡಬೇಕಾಯಿತು. ಬಹುಕಾಲದ ಮೇಲೆ ವಾರಿಯರ್ ಅವರು ತಂದೆಯೊಬ್ಬನ ನೆನಪುಗಳೆಂಬ ಅರ್ಥದ ಹೆಸರಿಟ್ಟು ಬರೆದ ಪುಸ್ತಕಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಲ್ಲಿ ಹಿಂಸೆಯ ವರ್ಣನೆಗಿಂತ ಕಾಯುವಿಕೆಯ ವರ್ಣನೆ ಹೆಚ್ಚು. ಮಗ ಬರುವನೆಂದೇ ಎದುರು ನೋಡುತ್ತ ಬುದ್ಧಿ ಕದಡಿ ಹೋದ ತಾಯಿಗೆ ನಿಜವನ್ನು ಹೇಳಲಾರದ ಗಂಡನ ಸಂಕಟವೇ ಆ ಪುಸ್ತಕವನ್ನು ಎತ್ತಿ ನಿಲ್ಲಿಸಿದೆ. ಒಬ್ಬನ ಕಥೆಯಾದುದರಿಂದ ಅದು ಮಿತಭಾಷಿಯಾಗಲು ಸಾಧ್ಯವಾಯಿತು. ಇದಕ್ಕೆ ಪ್ರತಿಯಾಗಿ, ಶ್ರೀ ಬಾಲಮುರುಗನ್ ಅವರ ಬೆನ್ನ ಹಿಂದೆ ಅಕ್ಷರವರಿಯದ ಒಂದು ಊರೇ ಸಾಲುಗಟ್ಟಿ ನಿಂತಿದೆ. ಅವರಲ್ಲಿ ಯಾರನ್ನು ಬಿಡುವುದು? ನಮ್ಮ ಆಕ್ಷೇಪವನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ಅದರ ಕಾರಣವನ್ನು ಮಾತ್ರ ಗುರುತಿಸುತ್ತೇವೆ. ವಾರಿಯರ್ ಅವರಿಗೆ ಓದು ಬಲ್ಲ ಬಳಗವಿತ್ತು, ಪತ್ರಿಕೆಗಳಿದ್ದುವು, ಬರೆಯಬಲ್ಲ ಕೈ ಇದ್ದಿತು ಎಂಬುದನ್ನೂ ಮರೆಯಲಾಗದು.

ಮಹದೇಶ್ವರನ ಬೆಟ್ಟವೆಂದೊಡನೆ ನಮ್ಮ ಕಡೆಯ ಓದುಗರಿಗೆ ಕಂಸಾಳೆಯವರ ಹಾಡು ನೆನಪಾಗದಿರದು. ಆ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬುದೊಂದುಂಟು. ಕಾಡಿಗೆ ಹೊರಟ ಗಂಡ ನೀಲೇಗೌಡನು ತನ್ನ ಶೀಲಕ್ಕೆ ಭಾಷೆ ಕೊಡೆಂದು ಹೆಂಡತಿಯನ್ನು ಪೀಡಿಸುತ್ತಾನೆ. ಕೊಡಲೊಪ್ಪದವಳನ್ನು ಕಟ್ಟಿ ಕೆಡವಿ ಹಿಂಸಿಸಿ ಹೋಗುತ್ತಾನೆ. ಬಾಯಿ ಬಿಡಿಸುವ ಹಿಂಸೆ ಆ ಬೆಟ್ಟಕ್ಕೆ ಹೊಸದಲ್ಲವೆಂದು ಇದರಿಂದ ಸಿನಿಕತನದ ಅರ್ಥ ತೆಗೆಯಬಾರದು. ನಮ್ಮ ಗಮನ ಹೋದುದು ಬೇರೆ ಕಡೆಗೆ. ಸಂಕಮ್ಮನು ಗುಡಿಗೆ ಹೋಗಿ ಅರ್ಜಿ ಹಾಕುವುದಿಲ್ಲ. ಹೋಗುವ ಸ್ಥಿತಿಯಲ್ಲಿ ಅವಳಿಲ್ಲ. ಮಾದಪ್ಪನೇ ಅವಳು ಬಿದ್ದಲ್ಲಿಗೆ ಬರುತ್ತಾನೆ, ಅವಳನ್ನು ಕೇಳುತ್ತಾನೆ, ಕಟ್ಟು ಬಿಡಿಸುತ್ತಾನೆ. ವರ ಕೊಡುವುದು ಆಮೇಲಿನ ಮಾತು. ಪರಿಹಾರದಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ವಿವೇಕ ಆ ಹಾಡುಗಾರರಿಗೆ ಇತ್ತು.

ದೇವರ ಮಾತು ಬೇಡ, ಮನುಷ್ಯರಿಂದಲೇ ಇದು ಆಗಬಹುದೆಂಬುದಕ್ಕೆ ಹತ್ತಿರದಲ್ಲಿಯೇ ನಿದರ್ಶನವಿದೆ. ಹೊಸೂರಿನವರಿಗೆ ಪರಿಚಿತವಾದ ಧರ್ಮಪುರಿ ಜಿಲ್ಲೆಯಲ್ಲಿ ವಾಚಾತಿ ಎಂಬ ಬೆಟ್ಟದಡಿಯ ಹಳ್ಳಿ. 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಿಂದ ಅರಣ್ಯ, ಪೊಲೀಸು, ಕಂದಾಯ ಈ ಮೂರೂ ಇಲಾಖೆಗಳ 269 ಜನ ಅದರ ಮೇಲೆ ಬಿದ್ದರು. ಮನೆಗಳನ್ನು ಹಾಳುಗೆಡವಿದರು, ಜನರನ್ನು ಬಡಿದರು, 18 ಹೆಂಗಸರ ಮಾನಭಂಗ ಮಾಡಿದರು. ಹತ್ತೊಂಬತ್ತು ವರ್ಷಗಳ ಮೇಲೆ, 2011ರ ಸೆಪ್ಟೆಂಬರ್ 29ರಂದು, ಧರ್ಮಪುರಿಯ ನ್ಯಾಯಾಲಯವು ಅಷ್ಟು ಜನರನ್ನೂ ಅಪರಾಧಿಗಳೆಂದಿತು. ಆ ವೇಳೆಗೆ 54 ಜನ ಸತ್ತುಹೋಗಿದ್ದರು, ಶಿಕ್ಷೆ ಉಳಿದ 215 ಜನರಿಗೆ. ಮೇಲ್ಮನವಿಯನ್ನು ಕೇಳಿದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಅವರು 2023ರ ಮಾರ್ಚ್ ತಿಂಗಳಲ್ಲಿ ತಾವೇ ವಾಚಾತಿಗೆ ಹೋಗಿ ನೆಲವನ್ನು ಕಂಡು ಬಂದರು. ಅದೇ ಸೆಪ್ಟೆಂಬರ್ 29ರಂದು ಶಿಕ್ಷೆಯನ್ನು ಎತ್ತಿಹಿಡಿದು, ಆ ಹೆಂಗಸರಿಗೆ ತಲಾ 10 ಲಕ್ಷ ರೂಪಾಯಿ ಕೊಡತಕ್ಕದ್ದು, ಅದರಲ್ಲಿ 5 ಲಕ್ಷವನ್ನು ಮಾನಭಂಗ ಮಾಡಿದ ಅಪರಾಧಿಗಳಿಂದಲೇ ವಸೂಲು ಮಾಡತಕ್ಕದ್ದು ಎಂದು ತೀರ್ಪಿತ್ತರು. ಈ ಎರಡನೆಯ ಅರ್ಧವೇ ನಮಗೆ ಮುಖ್ಯವಾಗಿ ಕಂಡುದು. ಬೊಕ್ಕಸದಿಂದ ಬಂದ ಹಣಕ್ಕೆ ಮುಖವಿಲ್ಲ. ಅದು ಬರಗಾಲಕ್ಕೂ ಬರುತ್ತದೆ, ನೆರೆಗೂ ಬರುತ್ತದೆ. ಮಾಡಿದವನ ಗಂಟಿನಿಂದ ಬಂದ ಹಣದಲ್ಲಿ ಮಾತ್ರ ‘ಇದು ನಿನಗೆ ನಾನು ಮಾಡಿದ್ದು’ ಎಂಬ ಒಪ್ಪಿಗೆ ಅಡಗಿರುತ್ತದೆ, ಅವನು ಮನಸಾರೆ ಕೊಡದಿದ್ದರೂ. ವಾಚಾತಿಗೂ ಮಹದೇಶ್ವರನ ಬೆಟ್ಟಕ್ಕೂ ನಡುವೆ ದೂರ ಹೆಚ್ಚಿಲ್ಲ, ಕಾಲವೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ತೀರ್ಪಾಯಿತು, ಇನ್ನೊಂದು ಕಡೆ ಹಣ ಹಂಚುವುದಕ್ಕೇ ಮಾತು ನಿಂತಿತು. ಅಲ್ಲಿ ಒಂದೇ ಊರು, ಒಂದೇ ದಿನ, ಸರಕಾರಿ ಪುಸ್ತಕದಲ್ಲಿ ಹೆಸರಿದ್ದ ಅಧಿಕಾರಿಗಳು. ಇಲ್ಲಿ ಚದುರಿದ ಪೋಡುಗಳು, ಹಲವು ವರ್ಷಗಳು, ಎರಡು ರಾಜ್ಯಗಳ ಕಡತಗಳು. ಬಂದೂಕಿನ ಕಳ್ಳನೊಬ್ಬನ ನೆರಳು ಬೇರೆ ಇದ್ದಿತು. ಪೆಟ್ಟು ತಿಂದವನು ತಾನು ಅವನ ಕಡೆಯವನಲ್ಲವೆಂದು ಮೊದಲು ಸಾಧಿಸಬೇಕಾಗಿತ್ತು. ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುಪಾಲು ಜನ 2001ರಲ್ಲಿ ನಿರಪರಾಧಿಗಳೆಂದು ಬಿಡುಗಡೆಯಾದರೆಂಬುದನ್ನು ಎಷ್ಟು ಜನ ನೆನೆಯುತ್ತಾರೆ?

ಶಾಸನದ ಕಡೆಯಿಂದಲೂ ಆಸರೆ ತೆಳುವಾದುದೇ. ಚಿತ್ರಹಿಂಸೆಯ ವಿರುದ್ಧದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1997ರಲ್ಲಿ ರುಜು ಹಾಕಿತು, ಸ್ಥಿರೀಕರಿಸಿಲ್ಲ. 2010ರಲ್ಲಿ ಲೋಕಸಭೆಯು ಒಪ್ಪಿದ ಮಸೂದೆ ಕಾಯಿದೆಯಾಗದೆ ಬಿದ್ದುಹೋಯಿತು. ಹೀಗಿರುವಾಗ ಸಂತ್ರಸ್ತರ ಪರವಾದ ದಾಖಲೆಯೆಂದರೆ ಒಂದು ಇಂಗ್ಲಿಷ್ ವರದಿ, ಒಂದು ತಮಿಳು ಕಾದಂಬರಿ.

ಅವರು ನೊಂದು ಕೂಗಿದ ಭಾಷೆ ಮಾತ್ರ ಈ ಎರಡೂ ಅಲ್ಲ. ಸೋಲಿಗರ ನುಡಿಯಲ್ಲಿ ಬಂದ ಮಾತು ತಮಿಳಿಗೋ ಕನ್ನಡಕ್ಕೋ ತಿರುಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಎಷ್ಟು ಸೋರಿತೋ! ಸಮಿತಿಯ ಮುಂದೆ ಆಡಿದ ಹೇಳಿಕೆಗಳನ್ನು ಅವರ ನುಡಿಯಲ್ಲಿಯೇ, ಕನ್ನಡ ಲಿಪಿಯಲ್ಲಿ, ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಸಿ ಅಚ್ಚು ಮಾಡುವ ಕೆಲಸವನ್ನು ಗಡಿಯ ಎರಡು ಬದಿಯ ಸಂಘಗಳು ಕೈಗೊಳ್ಳಬಹುದಾಗಿದೆ. ಕಾದಂಬರಿಯನ್ನು ಕನ್ನಡಕ್ಕೆ ತರುವವರಿಗೂ ನಮ್ಮದೊಂದು ಸೂಚನೆಯುಂಟು. ತಮಿಳಿನ ತೊಟ್ಟಿ ಪೋಡಾಗಲಿ, ಸೋಳಗರು ಸೋಲಿಗರಾಗಲಿ, ಜನರ ಮಾತು ಬೆಟ್ಟದ ಕನ್ನಡಕ್ಕೆ ಮರಳಲಿ. ‘ವರ್ಕ್‌ಶಾಪ್’ ಎಂಬ ಮಾತನ್ನು ಮಾತ್ರ ಕಾರ್ಯಾಗಾರವೆಂದೋ ಕಮ್ಮಟವೆಂದೋ ತಿದ್ದಬಾರದು. ಅದು ಅವರ ಬಾಯಿಗೆ ಹೊರಗಿನಿಂದ ತುರುಕಿದ ಮಾತು. ಪುಟದ ಮೇಲೆಯೂ ಹಾಗೆಯೇ, ಹೊರಗಿನದಾಗಿಯೇ, ಕಾಣಿಸಬೇಕು.